ಹಿಮ್ಮಡಿ ಪ್ಯಾಡಿನ ಸಿಲಿಕೋನ್: ಒತ್ತಿ, ಹರಿದು, ಅಳೆದು ನೋಡಿದ್ದು

ನಮ್ಮದು ಬೆಂಗಳೂರಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಡಾಕ್ಟರು, ಫಿಸಿಯೋಥೆರಪಿಯವರು ಚೀಟಿ ಬರೆದು ಕಳಿಸುತ್ತಾರೆ. ನಾವು ಇನ್‌ಸೋಲ್ ಮಾಡುತ್ತೇವೆ, ಚಪ್ಪಲಿಯ ಅಟ್ಟೆ ಎತ್ತರಿಸುತ್ತೇವೆ, ಹಿಮ್ಮಡಿ ಪ್ಯಾಡ್ ಕೂರಿಸುತ್ತೇವೆ. ಇವಿಎ (ಫೋಮ್ ಹಾಳೆ) ಮತ್ತು ಎಂಸಿಆರ್ (ಸಣ್ಣ ಗಾಳಿ ಕೋಶಗಳಿರುವ ರಬ್ಬರ್) ಶೀಟಿನ ಕೆಲಸ ಕೈಗೆ ಚೆನ್ನಾಗಿ ಕೂತಿದೆ. ಸಿಲಿಕೋನ್ ಮಾತ್ರ ಕಾಡುತ್ತಿತ್ತು. ಕೈಯಲ್ಲಿ ಹಿಸುಕಿದರೆ ಬೆಣ್ಣೆಯಷ್ಟು ಮೆತ್ತಗಿರುವ ಪ್ಯಾಡ್ ಶೂ ಒಳಗೆ ಹೋದ ಮೇಲೆ ಗಟ್ಟಿಯಾಗುತ್ತದೆ ಎಂಬ ದೂರು ಮತ್ತೆ ಮತ್ತೆ ಬರುತ್ತಿತ್ತು. ಇನ್ನೂ ಮೆತ್ತಗಿನದ್ದು ಕೊಟ್ಟರೂ ಅದೇ ದೂರು. ಡಬ್ಬದ ಮೇಲೆ ಬರೆದಿರುವುದು ‘ಶೋರ್ ಎ 10’ ಅಂತ ಒಂದೇ ಸಂಖ್ಯೆ. ಶೋರ್ ಎ ಅಂದರೆ ರಬ್ಬರಿನ ಗಡಸು ಅಳೆಯುವ ಮಾಪಕ, ಸಂಖ್ಯೆ ಕಡಿಮೆಯಾದಷ್ಟೂ ಮೆತ್ತಗೆ. ಅದನ್ನು ನಂಬಿ ಕೆಲಸ ಮಾಡುವುದು ಸಾಕು, ನಾವೇ ಒತ್ತಿ ಅಳೆದು ನೋಡೋಣ ಅಂತ ಈ ಯಂತ್ರ ಕಟ್ಟಿದ್ದು.

ಇದೇ ದಾರಿ ಹಿಡಿಯುವವರಿಗೆ ಕೆಲಸಕ್ಕೆ ಬರಲಿ ಅಂತ ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಥಿಯರಿ ಬೇಕಾದಷ್ಟೇ ಇದೆ.

ಹಂತ 1: ಒತ್ತುವ ಚೌಕಟ್ಟು

ಕಂಪನಿಗಳು ಬಳಸುವ ಟೆಸ್ಟಿಂಗ್ ಮೆಷಿನ್ ಲಕ್ಷಗಳ ಮಾತು. ನಮಗೆ ಬೇಕಾಗಿದ್ದು 60 ಕೆ.ಜಿ.ವರೆಗೆ ನಿಧಾನವಾಗಿ ಒತ್ತುವುದು, ಎಷ್ಟು ತಗ್ಗಿತು ಎಂದು 0.01 ಮಿ.ಮೀ.ನಲ್ಲಿ ಓದುವುದು, ಅಷ್ಟೇ.

12 ಮಿ.ಮೀ. ದಪ್ಪದ ಎರಡು ಕಬ್ಬಿಣದ ತಟ್ಟೆ, 200×150 ಅಳತೆ. ನಾಲ್ಕು ಮೂಲೆಗೆ 20 ಮಿ.ಮೀ. ರಾಡಿನ ಕಂಬ. ಮೇಲಿನ ತಟ್ಟೆಯ ನಡುವೆ ಎಂ 16 ನಟ್ ವೆಲ್ಡ್ ಮಾಡಿಸಿ ಅದರಲ್ಲಿ ಎಂ 16 ಸ್ಕ್ರೂ ಇಳಿಸಿದೆ, ತುದಿಗೆ ಕೈಚಕ್ರ. ಎಂ 16 ಆಯ್ಕೆ ಮಾಡಿದ್ದಕ್ಕೆ ಕಾರಣ ಇದೆ. ಅದರ ಪಿಚ್ 2 ಮಿ.ಮೀ., ಅಂದರೆ ಒಂದು ಸುತ್ತಿಗೆ 2 ಮಿ.ಮೀ. ಕೆಳಗಿಳಿಯುತ್ತದೆ. ರಬ್ಬರ್ ಒತ್ತಿ ನೋಡಲು ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆ ಗೊತ್ತುಮಾಡಿದ ಡಿ 575 ವಿಧಾನದಲ್ಲಿ ವೇಗ ನಿಮಿಷಕ್ಕೆ 12 ಮಿ.ಮೀ. ಹತ್ತು ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೆ ಅದೇ ವೇಗ ಬಂತು. ಮೊಬೈಲಿನಲ್ಲಿ ಟಿಕ್ ಟಿಕ್ ಶಬ್ದ ಹಾಕಿಕೊಂಡು ಕೈಯಲ್ಲೇ ತಿರುಗಿಸಬಹುದು, ಮೋಟರ್ ಬೇಡ.

ಸ್ಕ್ರೂವಿನ ತುದಿ ನೇರವಾಗಿ ಒತ್ತುವ ತಟ್ಟೆಗೆ ತಾಗಿದ್ದರಿಂದ ಮೊದಲು ಒಂದು ತೊಂದರೆ ಆಯಿತು. ಚಕ್ರ ತಿರುಗಿದಂತೆ ತಟ್ಟೆಯೂ ತಿರುಗಿ ಸಿಲಿಕೋನ್ ತುಂಡು ತಿರುಚಿಕೊಳ್ಳುತ್ತಿತ್ತು. ನಡುವೆ ಬೇರಿಂಗಿನ ಒಂದು ಉಕ್ಕಿನ ಗುಂಡು ಇಟ್ಟು, ತಟ್ಟೆ ತಿರುಗದಂತೆ ಪಕ್ಕಕ್ಕೆ ಒಂದು ಗೈಡ್ ಪಿನ್ ಹಾಕಿದ ಮೇಲೆ ಸರಿಹೋಯಿತು. ಒತ್ತುವ ತಟ್ಟೆಗಳು 80 ಮಿ.ಮೀ. ವ್ಯಾಸ, 15 ಮಿ.ಮೀ. ದಪ್ಪ. ಲೇತಿನಲ್ಲಿ ಮುಖ ಸಮ ಮಾಡಿಸಿದ್ದು.

ಕೆಳಗೆ ತೂಕ ಅಳೆಯಲು 100 ಕೆ.ಜಿ.ಯ ಎಸ್ ಆಕಾರದ ಲೋಡ್‌ಸೆಲ್, ಅದರ ಸಂಕೇತವನ್ನು ಸಂಖ್ಯೆಯಾಗಿಸುವ ಎಚ್‌ಎಕ್ಸ್ 711 ಬೋರ್ಡ್, ಆಮೇಲೆ ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ನ್ಯಾನೊ. ಎಲ್ಲ ಎಸ್.ಪಿ. ರಸ್ತೆಯಲ್ಲೇ ಸಿಕ್ಕಿತು. ಎಚ್‌ಎಕ್ಸ್ 711 ಸುಮ್ನೆ ಬಿಟ್ಟರೆ ಸೆಕೆಂಡಿಗೆ 10 ಓದು ಕೊಡುತ್ತದೆ, ಈ ವೇಗಕ್ಕೆ ಅದು ಧಾರಾಳ. ಅಳತೆ ಸರಿಮಾಡಲು ಪಕ್ಕದ ಕಿರಾಣಿ ಅಂಗಡಿಯಿಂದ ಸರ್ಕಾರಿ ಸೀಲ್ ಇರುವ ತೂಕದ ಬಟ್ಟುಗಳನ್ನು ಒಂದು ಮಧ್ಯಾಹ್ನ ಕೇಳಿ ತಂದೆ. ಜಿಮ್ ಪ್ಲೇಟುಗಳನ್ನು ನಂಬಬೇಡಿ, 10 ಕೆ.ಜಿ. ಅಂತ ಬರೆದ ಪ್ಲೇಟು ಅಷ್ಟೇ ತೂಗುತ್ತದೆ ಅನ್ನುವ ಖಾತ್ರಿ ಇಲ್ಲ.

ಖರ್ಚು: ಚೌಕಟ್ಟು ಮತ್ತು ಲೇತ್ ಕೆಲಸ 1,800, ಲೋಡ್‌ಸೆಲ್ 2,400, ಬೋರ್ಡುಗಳು 450, ಡಯಲ್ ಗೇಜ್ 1,100, ಶೋರ್ ಎ ಡ್ಯೂರೋಮೀಟರ್ 2,200. ಮುಂದೆ ಬರುವ ವ್ಯಾಕ್ಯೂಮ್ ಸಾಮಾನಿಗೆ 1,600, ಸವೆತದ ಯಂತ್ರಕ್ಕೆ 1,100. ಒಟ್ಟು 10,650 ರೂಪಾಯಿ. ಸಿಲಿಕೋನ್ ಬೇರೆ, ಕೆ.ಜಿ. ಸೆಟ್ಟಿಗೆ ಸುಮಾರು 2,600ರಂತೆ ಮೂರು ಸೆಟ್.

ಹಂತ 2: ಯಂತ್ರವೇ ಬಾಗುತ್ತದೆ

ಈ ಹಂತವನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಮೊದಲ ಸುತ್ತಿನ ನನ್ನ ಅಳತೆಗಳೆಲ್ಲ ಇದರಿಂದಲೇ ಹಾಳಾದವು.

ಡಯಲ್ ಗೇಜನ್ನು ಮೇಲಿನ ತಟ್ಟೆಗೆ ಕಟ್ಟಿ, ಸ್ಕ್ರೂ ಎಷ್ಟು ಇಳಿಯಿತು ಅಂತ ಓದುತ್ತಿದ್ದೆ. ದಪ್ಪ ತುಂಡುಗಳಲ್ಲಿ ಏನೂ ವಿಚಿತ್ರ ಕಾಣಲಿಲ್ಲ. 3 ಮಿ.ಮೀ. ತೆಳು ತುಂಡು ಇಟ್ಟಾಗ ಅನುಮಾನ ಬಂತು, ಏಕೆಂದರೆ ಮೂರು ಬೇರೆ ಬೇರೆ ಗಡಸಿನ ಸಿಲಿಕೋನುಗಳೂ ಹೆಚ್ಚುಕಡಿಮೆ ಒಂದೇ ಲೆಕ್ಕ ತೋರಿಸುತ್ತಿದ್ದವು. ತುಂಡು ತೆಗೆದು, ಉಕ್ಕಿನ ಮೇಲೆ ಉಕ್ಕು ಇಟ್ಟು ಒತ್ತಿದೆ. 40 ಕೆ.ಜಿ.ಗೆ ಗೇಜ್ 0.21 ಮಿ.ಮೀ. ತೋರಿಸಿತು. ನಡುವೆ ಏನೂ ಇಲ್ಲ! ಲೋಡ್‌ಸೆಲ್ ತಗ್ಗುವುದು, ಮೇಲಿನ ತಟ್ಟೆ ಬಾಗುವುದು, ಸ್ಕ್ರೂವಿನ ಹಲ್ಲಿನ ಸಡಿಲ, ಎಲ್ಲ ಸೇರಿ ಇಷ್ಟು. 3 ಮಿ.ಮೀ. ತುಂಡು ಒಟ್ಟು ತಗ್ಗುವುದೇ 0.3 ಮಿ.ಮೀ. ಆಗಿರುವಾಗ, ನಾನು ಅಳೆಯುತ್ತಿದ್ದದ್ದರಲ್ಲಿ ದೊಡ್ಡ ಪಾಲು ಕಬ್ಬಿಣದ್ದೇ.

ಪರಿಹಾರ ಸುಲಭ. ಗೇಜನ್ನು ಚೌಕಟ್ಟಿನಿಂದ ಬಿಚ್ಚಿ, ಅದರ ಕಾಲನ್ನು ಕೆಳಗಿನ ಒತ್ತು ತಟ್ಟೆಗೂ ಮೂತಿಯನ್ನು ಮೇಲಿನ ಒತ್ತು ತಟ್ಟೆಗೂ ಕೊಟ್ಟೆ. ಈಗ ಎರಡು ತಟ್ಟೆಗಳ ನಡುವಿನ ಅಂತರ ಮಾತ್ರ ಓದುತ್ತದೆ, ಚೌಕಟ್ಟು ಎಷ್ಟಾದರೂ ಬಾಗಲಿ. ಉಕ್ಕಿನ ಮೇಲೆ ಉಕ್ಕಿಟ್ಟು ಮತ್ತೆ ಒತ್ತಿದರೆ 0.02 ಒಳಗೆ ಬಂತು. ಹಳೆಯ ಲೆಕ್ಕದ ಹಾಳೆಗಳನ್ನು ಹರಿದು ಹಾಕಿದೆ.

ಹಂತ 3: ತುಂಡುಗಳ ಅಚ್ಚು

ಮೂರು ಸಿಲಿಕೋನ್ ತೆಗೆದುಕೊಂಡೆ. ಮೂರೂ ಪ್ಲಾಟಿನಮ್ ಕ್ಯೂರ್ (ಪ್ಲಾಟಿನಮ್ ಸಹಾಯದಿಂದ ಗಟ್ಟಿಯಾಗುವಂಥವು), ಎ ಮತ್ತು ಬಿ ಭಾಗ ಸಮಸಮ ಬೆರೆಸುವಂಥವು, ಗಡಸು 10, 20, 30. ಜೊತೆಗೆ ಹೋಲಿಕೆಗೆ ಅಚ್ಚಿನ ಕೆಲಸದವರು ಬಳಸುವ, ತವರದ ಸಹಾಯದಿಂದ ಗಟ್ಟಿಯಾಗುವ ಟಿನ್ ಕ್ಯೂರ್ ಸಿಲಿಕೋನ್ ಒಂದು, ಮತ್ತು 10ರ ಸಿಲಿಕೋನಿಗೆ ಶೇ. 20 ಸಿಲಿಕೋನ್ ಎಣ್ಣೆ ಸೇರಿಸಿ ಇನ್ನೂ ಮೆತ್ತಗೆ ಮಾಡಿದ್ದು ಒಂದು.

ಅಚ್ಚು ಅಂದರೆ 12 ಮಿ.ಮೀ. ಅಕ್ರಿಲಿಕ್ ಹಲಗೆಯಲ್ಲಿ ಲೇಸರಿನಿಂದ ಕೊರೆದ 29 ಮಿ.ಮೀ. ತೂತುಗಳು, ಕೆಳಗೊಂದು ಗಾಜು. ಸಿಲಿಕೋನ್ ಸುರಿದು ಮೇಲೆ ಇನ್ನೊಂದು ಗಾಜು ಜಾರಿಸಿದರೆ ಎರಡೂ ಮುಖ ಸಮವಾಗಿ ಬರುತ್ತವೆ.

ಎರಡು ಎಚ್ಚರಿಕೆ. ಒಂದು, ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಪ್ಲಾಟಿನಮ್ ಸಿಲಿಕೋನ್ ಮುಟ್ಟಬೇಡಿ. ಲೇಟೆಕ್ಸಿನಲ್ಲಿರುವ ಗಂಧಕ ಪ್ಲಾಟಿನಮ್ಮನ್ನು ಕೆಡಿಸುತ್ತದೆ. ನಮ್ಮಲ್ಲಿ ಒಂದು ಇಡೀ ಹಲಗೆ ಮರುದಿನವೂ ಅಂಟಂಟಾಗಿಯೇ ಇತ್ತು. ನೈಟ್ರೈಲ್ ಅಥವಾ ವಿನೈಲ್ ಗ್ಲೌಸ್ ಬಳಸಿ. ಗಂಧಕ ಇರುವ ಮಾಡೆಲಿಂಗ್ ಜೇಡಿ, ಟಿನ್ ಸಿಲಿಕೋನ್ ಕಲಸಿದ ಕಡ್ಡಿ, ಬಟ್ಟಲು, ಇವೂ ಅದೇ ಕೆಲಸ ಮಾಡುತ್ತವೆ. ಟಿನ್ನಿಗೆ ಬೇರೆ ಬಟ್ಟಲು, ಬೇರೆ ಮೇಜು ಇಡುವುದು ಒಳ್ಳೆಯದು.

ಎರಡು, ಗುಳ್ಳೆ. ಗುಜರಿಯಿಂದ ತಂದ ಫ್ರಿಜ್ ಕಂಪ್ರೆಸರನ್ನು ಉಲ್ಟಾ ಬಳಸಿ, ದಪ್ಪ ಸ್ಟೀಲ್ ಪಾತ್ರೆಗೆ 20 ಮಿ.ಮೀ. ಅಕ್ರಿಲಿಕ್ ಮುಚ್ಚಳ ಹಾಕಿ ಗಾಳಿ ಎಳೆದೆ. ಗೇಜಿನಲ್ಲಿ 760ರವರೆಗೆ ಗುರುತಿದೆ, ಮುಳ್ಳು 670ರ ಹತ್ತಿರ ನಿಂತುಬಿಡುತ್ತದೆ. ಎಲ್ಲೋ ಸೋರುತ್ತಿದೆ ಅಂತ ಹುಡುಕುವುದರಲ್ಲಿ ಹೊತ್ತು ಹೋಯಿತು. ಸೋರಿಕೆ ಇರಲಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 685 ಮಿ.ಮೀ. ಪಾದರಸ. ಅದಕ್ಕಿಂತ ಜಾಸ್ತಿ ಎಳೆಯಲು ಯಾವ ಪಂಪಿಗೂ ಆಗುವುದಿಲ್ಲ. 670 ಬಂದರೆ ಕೆಲಸ ಆಯಿತು ಅಂತಲೇ ಅರ್ಥ. ಸಿಲಿಕೋನ್ ಉಕ್ಕಿ ಮೂರು ನಾಲ್ಕು ಪಟ್ಟು ಏರುತ್ತದೆ, ಆದ್ದರಿಂದ ಬಟ್ಟಲಿನ ಕಾಲು ಭಾಗ ಮಾತ್ರ ತುಂಬಿಸಿ.

ಹಂತ 4: ಶೋರ್ ಸಂಖ್ಯೆ

ಡ್ಯೂರೋಮೀಟರ್ ಅಂದರೆ ಹಿಂದೆ ಸ್ಪ್ರಿಂಗ್ ಇರುವ ಒಂದು ಮೊಂಡು ಸೂಜಿ. ಅದು 2.5 ಮಿ.ಮೀ. ಹೊರಗೆ ಚಾಚಿರುತ್ತದೆ, ಒತ್ತಿದಾಗ ರಬ್ಬರ್ ಅದನ್ನು ಮೀಟರಿನೊಳಕ್ಕೆ ಎಷ್ಟು ಹಿಂದೆ ತಳ್ಳಿತು ಎಂಬುದೇ ಸಂಖ್ಯೆ. ನಿಯಮ ಪ್ರಕಾರ ತುಂಡು ಕನಿಷ್ಠ 6 ಮಿ.ಮೀ. ದಪ್ಪ ಇರಬೇಕು, ಅಂಚಿನಿಂದ 12 ಮಿ.ಮೀ. ಒಳಗೆ ಒತ್ತಬೇಕು.

‘10’ ಅಂತ ಬರೆದ ಸಿಲಿಕೋನಿನ 12 ಮಿ.ಮೀ. ತುಂಡು ಒತ್ತಿದ ಕೂಡಲೇ 12 ತೋರಿಸಿತು, 15 ಸೆಕೆಂಡ್ ಬಿಟ್ಟರೆ 10. ಸರಿ. ಅದೇ ಸಿಲಿಕೋನಿನ 3 ಮಿ.ಮೀ. ಹಾಳೆಯನ್ನು ಮೇಜಿನ ಮೇಲಿಟ್ಟು ಒತ್ತಿದರೆ 17, 18. ಸೂಜಿಗೆ ಮೇಜಿನ ಗಡಸೂ ಗೊತ್ತಾಗುತ್ತದೆ. ಗಿರಾಕಿ ತಂದ ತೆಳು ಇನ್‌ಸೋಲನ್ನು ಹಾಗೇ ಒತ್ತಿ ಸಂಖ್ಯೆ ಬರೆದುಕೊಳ್ಳುವುದು ತಪ್ಪು, ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ 6 ದಾಟಿಸಿ. ಇನ್ನೊಂದು ವಿಷಯ, ಎ ಮಾಪಕದಲ್ಲಿ 20ಕ್ಕಿಂತ ಕೆಳಗಿನ ಓದು ನಂಬಲರ್ಹವಲ್ಲ, ಅಷ್ಟು ಮೆತ್ತಗಿನದಕ್ಕೆ 00 ಮಾಪಕದ ಮೀಟರ್ ಬೇಕು. ನನ್ನ ಹತ್ತಿರ ಎ ಮಾತ್ರ ಇದೆ. ಹಾಗಾಗಿ ಈ ಮೀಟರನ್ನು ಹೊಸ ಬ್ಯಾಚ್ ಹಳೆಯ ಬ್ಯಾಚಿನ ಹಾಗೇ ಇದೆಯಾ ಅಂತ ನೋಡಲು ಮಾತ್ರ ಬಳಸುತ್ತೇನೆ.

ಹಂತ 5: ಒತ್ತಿದ್ದು

29×12 ತುಂಡು. ಪ್ರತಿ ಹೊಸ ತುಂಡನ್ನೂ ಮೂರು ಸಲ ಒತ್ತಿ ಬಿಟ್ಟು ನಾಲ್ಕನೆಯದನ್ನು ಬರೆದುಕೊಂಡೆ. ಹೊಸ ರಬ್ಬರ್ ಮೊದಲ ಒತ್ತಿಗೆ ಹೆಚ್ಚು ಎದುರು ಕೊಡುತ್ತದೆ, ನಮ್ಮಲ್ಲಿ ಶೇ. 8ರಿಂದ 10ರಷ್ಟು. ಆಮೇಲೆ ನೆಲೆ ನಿಲ್ಲುತ್ತದೆ.

ತಟ್ಟೆಗೆ ಗ್ಲಿಸರಿನ್ ಸವರಿ ಒಂದು ಸಲ, 80 ನಂಬರಿನ ಉಪ್ಪು ಕಾಗದ ಅಂಟಿಸಿ ಒಂದು ಸಲ. ತುಂಡನ್ನು ಶೇ. 20, ಅಂದರೆ 2.4 ಮಿ.ಮೀ. ತಗ್ಗಿಸಲು ಬೇಕಾದ ತೂಕ ಹೀಗಿದೆ.

ಗಡಸು 10: ಗ್ಲಿಸರಿನ್ ಮೇಲೆ 7.1 ಕೆ.ಜಿ., ಉಪ್ಪು ಕಾಗದದ ಮೇಲೆ 11.8.
ಗಡಸು 20: 12.5 ಮತ್ತು 21.
ಗಡಸು 30: 19.5 ಮತ್ತು 32.

ತುಂಡು ಅದೇ, ಯಂತ್ರ ಅದೇ. ಮುಖ ಜಾರಲು ಬಿಟ್ಟರೆ ಒಂದು ಲೆಕ್ಕ, ಜಾರದಂತೆ ಹಿಡಿದರೆ ಸುಮಾರು ಮೂರನೇ ಎರಡರಷ್ಟು ಜಾಸ್ತಿ. ಗಡಸು 10ರದ್ದನ್ನು ಹಿಡಿದು ಒತ್ತಿದರೆ ಅದು ಹೆಚ್ಚುಕಡಿಮೆ ಗಡಸು 20ರದ್ದನ್ನು ಜಾರಿಸಿ ಒತ್ತಿದಷ್ಟು ಎದುರು ಕೊಟ್ಟಿತು. ಇನ್‌ಸೋಲಿಗೆ ಅಂಟಿಸಿದ ಪ್ಯಾಡ್ ಯಾವತ್ತೂ ಹಿಡಿದಿಟ್ಟ ಪ್ಯಾಡೇ ಅಲ್ವಾ? ಗ್ಲಿಸರಿನ್ ಲೆಕ್ಕ ನಮ್ಮ ಕೆಲಸಕ್ಕೆ ಉಪಯೋಗವಿಲ್ಲ.

ಆಮೇಲೆ ದಪ್ಪ ಬದಲಿಸಿದೆ. ಗಡಸು 10, ಉಪ್ಪು ಕಾಗದದ ಮೇಲೆ, ಈ ಸಲ ಶೇ. 10 ಮಾತ್ರ. 12 ಮಿ.ಮೀ. ತುಂಡಿಗೆ 5.4 ಕೆ.ಜಿ. ಸಾಕಾಯಿತು. 3 ಮಿ.ಮೀ. ತುಂಡಿಗೆ 33 ಕೆ.ಜಿ. ಬೇಕಾಯಿತು. ಆರು ಪಟ್ಟು! ಅದೂ ಬರೀ 0.3 ಮಿ.ಮೀ. ತಗ್ಗಿಸಲು.

ಕಾರಣ ಇಷ್ಟೇ. ಸಿಲಿಕೋನ್ ಕುಗ್ಗುವುದಿಲ್ಲ. ಅದರ ಗಾತ್ರ ಎಷ್ಟು ಒತ್ತಿದರೂ ಅಷ್ಟೇ ಇರುತ್ತದೆ, ಮೇಲಿಂದ ತಗ್ಗಿದಷ್ಟೂ ಪಕ್ಕಕ್ಕೆ ಹೋಗಬೇಕು. ಅಗಲವಾಗಿ ತೆಳ್ಳಗಿರುವ ತುಂಡಿನ ನಡುವಿನ ಸಿಲಿಕೋನಿಗೆ ಪಕ್ಕಕ್ಕೆ ಹೋಗಲು ದಾರಿಯೇ ಇಲ್ಲ. ಇವಿಎ, ಎಂಸಿಆರ್ ಹಾಗಲ್ಲ, ಅವುಗಳೊಳಗೆ ಗಾಳಿಯ ಕೋಶಗಳಿವೆ, ಒತ್ತಿದರೆ ನಿಜವಾಗಿ ಕುಗ್ಗುತ್ತವೆ. ವೆಲ್ಲೂರು ಮತ್ತು ಕರಿಗಿರಿಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಗಾರರು ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಎಂಸಿಆರ್ ಚಪ್ಪಲಿ ಬಳಕೆಗೆ ತಂದದ್ದು ಇವತ್ತಿಗೂ ನಮ್ಮ ಕಸುಬಿನ ಅಡಿಪಾಯ. ಆ ಶೀಟನ್ನು ಕತ್ತರಿಸಿ ಅಂಟಿಸಿದರೆ ಸಾಕು, ಕೆಲಸ ಮಾಡುತ್ತದೆ. ಸಿಲಿಕೋನನ್ನು ಅದೇ ಅಭ್ಯಾಸದಲ್ಲಿ ಶೀಟಿನಂತೆ ಅಂಟಿಸುತ್ತಿದ್ದೆವು. ದೂರು ಹುಟ್ಟುತ್ತಿದ್ದದ್ದು ಅಲ್ಲಿಂದ.

ಹಂತ 6: ಉಂಗುರದೊಳಗೆ ಒತ್ತಿದ್ದು

ಶೂ ಒಳಗೆ ಪ್ಯಾಡಿನ ಸುತ್ತ ಹಿಮ್ಮಡಿಯ ಗಟ್ಟಿ ಗೋಡೆ ಇರುತ್ತದೆ, ಅಥವಾ ಇನ್‌ಸೋಲಿನಲ್ಲಿ ಕೊರೆದ ಗುಂಡಿಯ ಅಂಚು ಇರುತ್ತದೆ. ಅದನ್ನು ಅನುಕರಿಸಲು ಲೇತಿನವರ ಹತ್ತಿರ ಎರಡು ಉಕ್ಕಿನ ಉಂಗುರ ಮಾಡಿಸಿದೆ, ಒಳವ್ಯಾಸ 30 ಮತ್ತು 33. ಒತ್ತು ತಟ್ಟೆ ಉಂಗುರಕ್ಕೆ ತಾಗದಂತೆ ಮೇಲೆ 28.5ರ ಒಂದು ಬಿಲ್ಲೆ.

ಗಡಸು 10ರ ತುಂಡನ್ನು 30ರ ಉಂಗುರದಲ್ಲಿಟ್ಟು ಒತ್ತಿದೆ. ಮೊದಲ ಅರ್ಧ ಮಿ.ಮೀ. ಏನೂ ತೊಂದರೆ ಇಲ್ಲ. ಆಮೇಲೆ ತುಂಡಿನ ಹೊಟ್ಟೆ ಉಂಗುರಕ್ಕೆ ತಾಗುತ್ತದೆ, ಚಕ್ರ ಬಿಗಿಯಾಗತೊಡಗುತ್ತದೆ. 0.8 ದಾಟಿದ ಮೇಲೆ ತೂಕ ನೆಟ್ಟಗೆ ಮೇಲೇರಿತು. 1 ಮಿ.ಮೀ. ಮುಟ್ಟುವ ಮೊದಲೇ 60 ಕೆ.ಜಿ., ಅಲ್ಲಿಗೆ ನಿಲ್ಲಿಸಿದೆ. 33ರ ಉಂಗುರದಲ್ಲಿ ಅದೇ ತುಂಡು 2.5 ಮಿ.ಮೀ.ವರೆಗೆ ಆರಾಮವಾಗಿ ತಗ್ಗಿತು, ಆಮೇಲೆ ಅದೂ ಕಲ್ಲಾಯಿತು.

ಇದನ್ನು ಮೊದಲೇ ಲೆಕ್ಕ ಹಾಕಬಹುದು. 29×29 ಅಂದರೆ 841. 30×30 ಅಂದರೆ 900. 841ನ್ನು 900ರಿಂದ ಭಾಗಿಸಿದರೆ 0.934. ಅಂದರೆ ಶೇ. 6.6 ತಗ್ಗಿದಾಗ ಉಂಗುರ ತುಂಬಿಹೋಗುತ್ತದೆ, 12 ಮಿ.ಮೀ.ಗೆ 0.8. 33ಕ್ಕೆ ಹಾಗೇ ಮಾಡಿದರೆ 2.7. ಯಂತ್ರ ತೋರಿಸಿದ್ದೂ ಹತ್ತಿರ ಹತ್ತಿರ ಅದೇ. ಗಡಸು 10, 20, 30 ಯಾವುದೇ ಇಟ್ಟರೂ ಉಂಗುರ ತುಂಬುವ ಜಾಗ ಬದಲಾಗಲಿಲ್ಲ. ಸುತ್ತ ಎಷ್ಟು ಖಾಲಿ ಜಾಗ ಬಿಟ್ಟಿದ್ದೀರಿ ಎಂಬುದೇ ಪ್ಯಾಡ್ ಎಷ್ಟು ತಗ್ಗಬಲ್ಲದು ಎಂದು ತೀರ್ಮಾನಿಸುತ್ತದೆ. ಶೋರ್ ಸಂಖ್ಯೆ ಆಮೇಲಿನ ಮಾತು.

ಈ ಒಂದು ಸಾಲು ಗೊತ್ತಿಲ್ಲದೆ ನಾವು ಎಷ್ಟೋ ಜನರ ಇನ್‌ಸೋಲಿನಲ್ಲಿ ಅಳತೆಗೆ ಸರಿಯಾಗಿ, ಗಟ್ಟಿಯಾಗಿ ಕೂರುವಂತೆ ಸಿಲಿಕೋನ್ ಬಿಲ್ಲೆ ಕೂರಿಸಿದ್ದೆವು. ಬಿಗಿಯಾಗಿ ಕೂತಷ್ಟೂ ನೀಟಾದ ಕೆಲಸ ಅಂತ ಹೆಮ್ಮೆಯೂ ಇತ್ತು. ನೋವಿನ ಕಾಲಿನವರು ಬಂದು ಗಟ್ಟಿ ಇದೆ ಅಂದಾಗ, ಸ್ವಲ್ಪ ದಿನದಲ್ಲಿ ಹೊಂದಿಕೊಳ್ಳುತ್ತೆ ಅಂತ ಹೇಳಿ ಕಳಿಸುತ್ತಿದ್ದೆವು. ಅವರು ಹೇಳುತ್ತಿದ್ದದ್ದು ಸರಿ ಇತ್ತು. ಅವರಲ್ಲಿ ಸಿಕ್ಕವರನ್ನು ಕರೆದು ಬಿಲ್ಲೆ ಬದಲಿಸಿ ಕೊಡುತ್ತಿದ್ದೇವೆ, ದುಡ್ಡು ತೆಗೆದುಕೊಳ್ಳದೆ.

ಹಂತ 7: ಹಿಮ್ಮಡಿ ಬಿಲ್ಲೆ

ಬಿಲ್ಲೆಯ ಅಳತೆ 50 ಮಿ.ಮೀ. ವ್ಯಾಸ, 8 ಮಿ.ಮೀ. ದಪ್ಪ. ಶೂ ಒಳಗೆ ಅದಕ್ಕಿಂತ ಎತ್ತರ ಸಿಗುವುದಿಲ್ಲ. ಪರೀಕ್ಷೆಯ ತೂಕ 40 ಕೆ.ಜಿ. ಅಂತ ಇಟ್ಟುಕೊಂಡೆ. 50 ಮಿ.ಮೀ. ಬಿಲ್ಲೆಯ ಮೇಲೆ 40 ಕೆ.ಜಿ. ಹರಡಿದರೆ 200 ಕಿಲೋಪಾಸ್ಕಲ್ ಆಗುತ್ತದೆ. ಅಂಗಾಲಿನ ಹುಣ್ಣು ಒಮ್ಮೆ ವಾಸಿಯಾದ ಮಧುಮೇಹಿಗಳ ಪಾದರಕ್ಷೆಯಲ್ಲಿ ಶೂ ಒಳಗಿನ ಗರಿಷ್ಠ ಒತ್ತಡ ಇದಕ್ಕಿಂತ ಕೆಳಗಿರಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವ ಸಂಖ್ಯೆ ಅದೇ. ಹೋಲಿಕೆಗೆ ಒಂದು ಗುರುತು ಬೇಕಿತ್ತು, ಅದನ್ನೇ ಹಿಡಿದೆ.

ತೂತಿಲ್ಲದ ಬಿಲ್ಲೆ, ಗಡಸು 20, ಸುತ್ತ ಖಾಲಿ ಬಿಟ್ಟು ಒತ್ತಿದಾಗ 0.36 ಮಿ.ಮೀ. ತಗ್ಗಿತು. ಅದನ್ನೇ 50ರ ಗುಂಡಿಯಲ್ಲಿ ಬಿಗಿಯಾಗಿ ಕೂರಿಸಿದಾಗ 0.1 ಕೂಡ ಇಲ್ಲ. ಇದು ನಮ್ಮ ಹಳೆಯ ಪ್ಯಾಡ್.

ಹೊರಗೆ ಜಾಗ ಇಲ್ಲದಿದ್ದರೆ ಒಳಗೇ ಜಾಗ ಮಾಡಬೇಕು. ಬಿಲ್ಲೆಯಲ್ಲಿ 6 ಮಿ.ಮೀ.ನ 12 ತೂತು ಬಿಟ್ಟು ಅಚ್ಚು ಹಾಕಿದೆ, ಗುಂಡಿಯನ್ನು 52ಕ್ಕೆ ದೊಡ್ಡದು ಮಾಡಿದೆ. ಸಿಲಿಕೋನ್ ಉಳಿದಿದ್ದು 1,624 ಚದರ ಮಿ.ಮೀ., ಗುಂಡಿ 2,124. ಮೇಲಿನ ಲೆಕ್ಕದಂತೆ ಶೇ. 23.5, ಅಂದರೆ 1.9 ಮಿ.ಮೀ. ತಗ್ಗುವವರೆಗೆ ಜಾಗ ಇದೆ. 40 ಕೆ.ಜಿ.ಗೆ ಸಿಕ್ಕ ಅಳತೆಗಳು:

ಗಡಸು 30: 0.95 ಮಿ.ಮೀ.
ಗಡಸು 20: 1.4 ಮಿ.ಮೀ.
ಗಡಸು 10: 33 ಕೆ.ಜಿ.ಗೇ 1.9 ಮುಟ್ಟಿ, ತೂತುಗಳೆಲ್ಲ ಮುಚ್ಚಿಕೊಂಡು, ಅಲ್ಲಿಂದ ಮುಂದೆ ಗಟ್ಟಿ.

ಗಡಸು 20ರದ್ದೇ ಸಿಲಿಕೋನ್, ಅದೇ ದಪ್ಪ, ತಗ್ಗಿದ್ದು 0.36ರಿಂದ 1.4ಕ್ಕೆ ಏರಿತು. ಮತ್ತೆ, ಎಲ್ಲಕ್ಕಿಂತ ಮೆತ್ತಗಿನದ್ದು ಇಲ್ಲಿ ಸೋತಿತು. ನಡೆಯುವಾಗ ಹಿಮ್ಮಡಿ ನೆಲಕ್ಕೆ ಬೀಳುವ ಹೊತ್ತಿಗೆ ಅದರ ತಗ್ಗುವ ದೂರ ಮುಗಿದಿರುತ್ತದೆ. 45 ಕೆ.ಜಿ. ತೂಕದ ಅಜ್ಜಿಗೆ ಗಡಸು 10 ಸರಿಹೋಗಬಹುದು, 80 ಕೆ.ಜಿ.ಯವರಿಗೆ 20 ಅಥವಾ 30 ಬೇಕು. ಈಗ ಗಿರಾಕಿಯ ತೂಕ ಕೇಳದೆ ಬಿಲ್ಲೆ ಕೊಡುವುದಿಲ್ಲ.

ಬಿಲ್ಲೆಯ ತೂಕ 14 ಗ್ರಾಂ. ಇಡೀ ಇನ್‌ಸೋಲನ್ನೇ 5 ಮಿ.ಮೀ. ಸಿಲಿಕೋನಿನಲ್ಲಿ ಮಾಡಿದರೆ ಒಂದು ಕಾಲಿಗೆ ನೂರು ಗ್ರಾಂ ದಾಟುತ್ತದೆ, ವಯಸ್ಸಾದವರು ಕಾಲು ಎಳೆಯುತ್ತಾರೆ. ಹಿಮ್ಮಡಿಗೆ ಮಾತ್ರ ಸಿಲಿಕೋನ್, ಉಳಿದದ್ದು ಇವಿಎ, ಮೇಲೆ 3 ಮಿ.ಮೀ. ಎಂಸಿಆರ್ ಹೊದಿಕೆ. ಹೊದಿಕೆ ಬಿಡಲೇಬಾರದು, ಇಲ್ಲವಾದರೆ ತೂತಿನ ಅಂಚುಗಳು ಚರ್ಮಕ್ಕೆ ಒತ್ತುತ್ತವೆ.

ಸ್ಪರ್ಶ ಇಲ್ಲದ ಪಾದಗಳಿಗೆ ನಾನು ಈ ಬಿಲ್ಲೆ ಕೊಡುತ್ತಿಲ್ಲ. ಬೆಂಚಿನ ಮೇಲಿನ ಯಂತ್ರ ಬಿಲ್ಲೆ ಎಷ್ಟು ತಗ್ಗಿತು ಅಂತ ಹೇಳುತ್ತದೆ, ಚರ್ಮದ ಮೇಲೆ ಎಲ್ಲಿ ಎಷ್ಟು ಒತ್ತಡ ಬಿತ್ತು ಅಂತ ಹೇಳುವುದಿಲ್ಲ. ಅದಕ್ಕೆ ಶೂ ಒಳಗಿಡುವ ಸೆನ್ಸರ್ ಹಾಳೆಯಲ್ಲಿ ಅಳೆಯುವವರ ಹತ್ತಿರವೇ ಕಳಿಸಬೇಕು. ಅಂಥವರು ನೋವು ಅಂತ ಬಂದು ಹೇಳುವುದಿಲ್ಲ, ಹುಣ್ಣಾದ ಮೇಲೆಯೇ ಗೊತ್ತಾಗುತ್ತದೆ.

ಹಂತ 8: ಉಳಿಯುತ್ತದೆಯೇ?

ಒತ್ತಿಟ್ಟರೆ ಚಪ್ಪಟೆಯಾಗಿ ಉಳಿಯುತ್ತದೆಯೇ ಅಂತ ನೋಡಲು ಎಎಸ್‌ಟಿಎಂ ಡಿ 395ರ ಕ್ರಮ ಹಿಡಿದೆ. 12 ಮಿ.ಮೀ. ತುಂಡನ್ನು ಎರಡು ತಟ್ಟೆಯ ನಡುವೆ 9 ಮಿ.ಮೀ.ಗೆ ಬಿಗಿದು 22 ಗಂಟೆ ಇಡುವುದು, ಬಿಚ್ಚಿ ಅರ್ಧ ಗಂಟೆ ಬಿಟ್ಟು ಅಳೆಯುವುದು. ಸಾಮಾನ್ಯವಾಗಿ 70 ಡಿಗ್ರಿಯಲ್ಲಿ ಮಾಡುತ್ತಾರೆ. ಶೂ ಒಳಗೆ ಅಷ್ಟು ಬಿಸಿ ಇರುವುದಿಲ್ಲ, ಆದ್ದರಿಂದ ಥರ್ಮೋಕೋಲ್ ಪೆಟ್ಟಿಗೆ, ಒಂದು ಬಲ್ಬು, ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುವ ಥರ್ಮೋಸ್ಟಾಟ್ ಸೇರಿಸಿ 40 ಡಿಗ್ರಿಯಲ್ಲಿ ಇಟ್ಟೆ.

ಗಡಸು 10 ಪ್ಲಾಟಿನಮ್ 11.85ಕ್ಕೆ ಮರಳಿತು, ಅಂದರೆ ಒತ್ತಿದ 3 ಮಿ.ಮೀ.ಯಲ್ಲಿ ಶೇ. 5 ಉಳಿದುಹೋಯಿತು. ಎಣ್ಣೆ ಸೇರಿಸಿದ್ದು ಶೇ. 13. ಟಿನ್ ಕ್ಯೂರ್ ಶೇ. 23. ಹೋಲಿಕೆಗೆ ಇಟ್ಟ ಇವಿಎ ತುಂಡು ಅರ್ಧಕ್ಕಿಂತ ಹೆಚ್ಚು ಚಪ್ಪಟೆಯಾಗಿಯೇ ಉಳಿಯಿತು. ಸಿಲಿಕೋನಿನ ನಿಜವಾದ ಗೆಲುವು ಇಲ್ಲಿದೆ, ಅದು ಮರಳಿ ಬರುತ್ತದೆ. ಆರು ತಿಂಗಳು ಹಾಕಿದ ಇವಿಎ ಹಿಮ್ಮಡಿಯನ್ನು ಬಿಚ್ಚಿ ನೋಡಿದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಎಣ್ಣೆ ಸೇರಿಸುವ ಯೋಚನೆ ಅಲ್ಲಿಗೇ ಬಿಟ್ಟೆ. ಎಣ್ಣೆ ಹಾಕಿದ ತುಂಡನ್ನು ಬ್ಲಾಟಿಂಗ್ ಕಾಗದದ ಮೇಲಿಟ್ಟರೆ ವಾರದೊಳಗೆ ಕಲೆ. ಅದು ಕಾಲುಚೀಲಕ್ಕೂ ಹತ್ತುತ್ತದೆ, ಅಂಟನ್ನೂ ಬಿಡಿಸುತ್ತದೆ. ಹರಿಯುವ ಪರೀಕ್ಷೆಯಲ್ಲೂ ಸೋತಿತು. 2 ಮಿ.ಮೀ. ಪಟ್ಟಿಯನ್ನು ಪ್ಯಾಂಟಿನ ಕಾಲಿನಂತೆ ಸೀಳಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ಎಳೆದಾಗ ಗಡಸು 30 ಹರಿಯಲು 1.7 ಕೆ.ಜಿ. ಬೇಕಾಯಿತು, ಗಡಸು 10ಕ್ಕೆ 0.9, ಎಣ್ಣೆಯದಕ್ಕೆ 0.4.

ಅಂಟು: ಚಪ್ಪಲಿ ಕೆಲಸದ ಹಳದಿ ಅಂಟು ಸಿಲಿಕೋನಿಗೆ ಹಿಡಿಯುವುದೇ ಇಲ್ಲ, ಬೆರಳಲ್ಲಿ ಎಳೆದರೆ ಸಿಪ್ಪೆಯಂತೆ ಬರುತ್ತದೆ. ಸಿಲಿಕೋನ್ ಸೀಲೆಂಟ್ ಬಿಲ್ಲೆಗೆ ಹಿಡಿಯುತ್ತದೆ, ಇವಿಎಯಿಂದ ಬಿಡುತ್ತದೆ. ಕೆಲಸ ಮಾಡಿದ್ದು ಬಟ್ಟೆ. ಅಚ್ಚಿನಲ್ಲಿ ಸಿಲಿಕೋನ್ ಇನ್ನೂ ಹಸಿಯಾಗಿರುವಾಗ ಹಿಂಬದಿಗೆ ಬನಿಯನ್ ಬಟ್ಟೆಯ ತುಂಡನ್ನು ಅರ್ಧ ಮುಳುಗುವಂತೆ ಒತ್ತಿಬಿಡಿ. ಗಟ್ಟಿಯಾದ ಮೇಲೆ ಬಟ್ಟೆಯ ಒಣ ಮುಖಕ್ಕೆ ಅದೇ ಹಳದಿ ಅಂಟು ಹಚ್ಚಿ ಇವಿಎಗೆ ಅಂಟಿಸಿ. ಬಟ್ಟೆ ಪೂರ್ತಿ ಮುಳುಗಬಾರದು.

ಕೊನೆಗೆ ಸವೆತ. ಗುಜರಿಯಲ್ಲಿ ಸಿಕ್ಕ ಕಾರಿನ ವೈಪರ್ ಮೋಟರಿಗೆ ಕ್ಯಾಮ್ ಹಾಕಿ, ಬಿಲ್ಲೆಯನ್ನು ನಿಮಿಷಕ್ಕೆ 45 ಸಲ 1.4 ಮಿ.ಮೀ. ಒತ್ತುವಂತೆ ಮಾಡಿದೆ. ಗಂಟೆಗೆ 2,700. ಬಿಲ್ಲೆ ಒತ್ತಿಗೊಮ್ಮೆ ಚೂರು ಚೂರು ಸರಿದು ಪಕ್ಕಕ್ಕೆ ಹೋಗುತ್ತಿತ್ತು, ಕೆಳಗೆ ಗುಂಡಿ ಇರುವ ಇವಿಎ ತುಂಡನ್ನೇ ಇಟ್ಟ ಮೇಲೆ ನಿಂತಿತು. 50,000 ಒತ್ತು ಆದ ಮೇಲೆ ದಪ್ಪ 8.00ರಿಂದ 7.93, ಮತ್ತು 40 ಕೆ.ಜಿ.ಗೆ ತಗ್ಗುವುದು 1.4ರಿಂದ 1.5.

ಆದರೆ ಒಂದು ಬಿಲ್ಲೆ ಅಷ್ಟು ದೂರ ಬರಲಿಲ್ಲ. ಅದರ ತೂತುಗಳನ್ನು ಅಚ್ಚಿನಲ್ಲಿ ಬಿಟ್ಟಿರಲಿಲ್ಲ, ಆಮೇಲೆ ಚರ್ಮ ಕೊರೆಯುವ ಪಂಚಿನಲ್ಲಿ ಹೊಡೆದದ್ದು. ಪಂಚಿನ ಅಂಚು ಬಿಟ್ಟ ಸಣ್ಣ ಕಚ್ಚಿನಿಂದಲೇ ಸೀಳು ಶುರುವಾಗಿ ಪಕ್ಕದ ತೂತಿಗೆ ಸೇರಿಕೊಂಡಿತು. ಅಚ್ಚಿನಲ್ಲೇ 6 ಮಿ.ಮೀ. ನುಣುಪಾದ ಉಕ್ಕಿನ ಪಿನ್ ನಿಲ್ಲಿಸಿ ಬಿಟ್ಟ ತೂತುಗಳು ಒಂದೂ ಸೀಳಲಿಲ್ಲ. ಈಗ ಪಿನ್ ಇರುವ ಅಚ್ಚನ್ನೇ ಅಲ್ಯೂಮಿನಿಯಂನಲ್ಲಿ ಮಾಡಿಸಲು ಕೊಟ್ಟಿದ್ದೇನೆ. ಅದು ಬಂದ ಮೇಲೆ ಮುಂಗಾಲಿನ ಪ್ಯಾಡ್ ಹಿಡಿಯಬೇಕು. ಅಲ್ಲಿ ಸಿಗುವ ಎತ್ತರ 4 ಮಿ.ಮೀ. ಮಾತ್ರ, 6ರ ತೂತು ಅಲ್ಲಿಗೆ ತುಂಬಾ ದೊಡ್ಡದು. 3 ಮಿ.ಮೀ. ಪಿನ್ನುಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ ನೋಡುತ್ತೇನೆ.